ಹನ್ನೊಂದು ಜಂತೆಗಳ ಬೆನ್ನು

ನನಗೆ ಅರಳುಮರಳು ಅನ್ನುವವರು ಮೊದಲು ಬಾಯಿ ಮುಚ್ಚಿ ಕಿವಿ ತೆರೆಯಿರಿ. ಮೊನ್ನೆ ನಾನು ಈ ಗ್ರೂಪಿಗೆ ಕಳಿಸಿದ ವಾಯ್ಸ್ ಮೆಸೇಜಿಗೆ ನಿಮ್ಮಲ್ಲೇ ಒಬ್ಬ ಮಹಾನುಭಾವ, 'ತಾತಂಗೆ ಬೆಳಿಗ್ಗೆ ತಿಂದಿದ್ದೇ ನೆನಪಿರಲ್ಲ, ಆರು ವರ್ಷದ ಹಿಂದಿನ ಕಥೆ ಹೇಳೋಕೆ ಬರ್ತಾನೆ' ಎಂದು ಉತ್ತರ ಕಳಿಸಿದ್ದಾನೆ. ಹೌದಪ್ಪ, ಬೆಳಿಗ್ಗೆ ತಿಂದದ್ದು ನೆನಪಿಲ್ಲ. ನೆನಪಿಡುವಂಥದ್ದನ್ನು ಸೊಸೆ ಮಾಡಿ ಹಾಕಿದ್ದರೆ ತಾನೇ ನೆನಪಿರುವುದು? ಆದರೆ ಆ ಮನೆಯ ಸೀಲಿಂಗಿನ ಒಂದೊಂದು ಹಾಳೆಗೆ ಎಷ್ಟು ಮೊಳೆ ಹೊಡೆದಿದ್ದರು, ಯಾವ ಮೂಲೆಯಲ್ಲಿ ನೀರಿನ ಕಲೆ ಇತ್ತು, ಕೇಳಿ, ಹೇಳುತ್ತೇನೆ. ಬಿಚ್ಚಿದವನೂ ನಾನೇ, ಮತ್ತೆ ಮುಚ್ಚಿದವನೂ ನಾನೇ. ಇನ್ನೊಬ್ಬನದು ಬೇರೆ ತಕರಾರು. ಒಕ್ಕಣ್ಣನ ತಲೆಯೊಳಗೆ ಏನು ಓಡುತ್ತಿತ್ತು ಅನ್ನುವುದು ನಿನಗೆ ಹೇಗೆ ಗೊತ್ತಾಯಿತು ಅಂತ. ಅವನೇ ಹೇಳಿದ, ಮಾರಾಯ. ತಗ್ಗಿದ ನೆಲವನ್ನು ಜಾಕಿ ಇಟ್ಟು ಎತ್ತುವುದು ಹಬೆಯಲ್ಲಿ ಅನ್ನ ಬೇಯಿಸಿದ ಹಾಗಲ್ಲ. ದಿನಕ್ಕೆ ಅರ್ಧ ಸುತ್ತು. ಹೆಚ್ಚು ತಿರುಗಿಸಿದರೆ ಮೇಲಿನ ಗೋಡೆ ಬಿರಿಯುತ್ತದೆ. ಅರ್ಧ ಸುತ್ತು ತಿರುಗಿಸಿದ ಮೇಲೆ ಉಳಿದ ದಿನವೆಲ್ಲ ಮರ ತನ್ನ ಪಾಡಿಗೆ ಕಿರುಗುಟ್ಟುವುದನ್ನು ಕೇಳುತ್ತ ಕೂರಬೇಕು. ಹಾಗೆ ಕೂತಾಗ ಮನುಷ್ಯ ತನ್ನ ಹೆಂಡತಿಗೆ ಹೇಳದ್ದನ್ನೂ ಗಾರೆ ಕೆಲಸದವನಿಗೆ ಹೇಳುತ್ತಾನೆ. ಆ ಗಾರೆ ಕೆಲಸದವನು ನಾನು.

ಒಕ್ಕಣ್ಣ ಅಂದರೆ ಒಂದು ಕಣ್ಣು ಹೋದವನಲ್ಲ. ಎರಡೂ ಚೆನ್ನಾಗಿಯೇ ಇವೆ. ಬಡಗಿಯಾದವನು ಮರವನ್ನು ಉದ್ದಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾನಲ್ಲ, ಇವನು ಆ ಅಭ್ಯಾಸವನ್ನು ಬದುಕಿಗೇ ಹತ್ತಿಸಿಕೊಂಡುಬಿಟ್ಟಿದ್ದ. ಬಸ್ಸಿನ ಬಾಗಿಲು, ಅಡುಗೆಮನೆಯ ಲಟ್ಟಣಿಗೆ, ಆಸ್ಪತ್ರೆಯ ಕಾರಿಡಾರಿನ ಹಿಡಿಗಂಬಿ, ಏನೇ ಸಿಕ್ಕಲಿ, ಬಗ್ಗಿ ಒಂದು ಕಣ್ಣು ಮುಚ್ಚಿ ಓರೆಕೋರೆ ನೋಡುವುದೇ. ಅವನು ಹಾಕಿದ ನೆಲದ ಮೇಲೆ ಗೋಲಿ ಇಟ್ಟರೆ ಅದು ಯಾವ ಕಡೆ ಹೋಗಲಿ ಎಂದು ಯೋಚಿಸುತ್ತ ನಿಲ್ಲುತ್ತದೆ ಎಂದು ಜನ ಹೇಳುತ್ತಿದ್ದರು. ಕುಣಿಯುವ ನೆಲ, ತಗ್ಗಿದ ನೆಲ, ಕಿರುಗುಟ್ಟುವ ನೆಲ, ಎಲ್ಲಕ್ಕೂ ಅವನನ್ನೇ ಕರೆಯುತ್ತಿದ್ದರು. ಆ ಹೆಸರೆಲ್ಲ ಬಂದದ್ದು ಒಂದು ಹೆದರಿಕೆಯಿಂದ ಅನ್ನುವುದು ಮಾತ್ರ ಆ ದಿನದವರೆಗೆ ಅವನೊಬ್ಬನಿಗೇ ಗೊತ್ತಿತ್ತು.

ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಅವನು ಟೀಚರಮ್ಮನ ಮನೆಯ ಮೆಟ್ಟಿಲು ಹತ್ತುತ್ತಿದ್ದಾಗ ಮೊದಲು ಕೇಳಿಸಿದ್ದು ಗಾಜಿನ ಲೋಟಗಳ ಸದ್ದು. ಮೇಲಿನ ಕೋಣೆಯಲ್ಲಿ ಯಾರೋ ನಡೆದರು, ಗೋಡೆಯ ಬೀರುವಿನೊಳಗೆ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅಂದವು, ನಡಿಗೆ ನಿಂತ ಮೇಲೂ ಒಂದು ಗಳಿಗೆ ಕಿಣಿಕಿಣಿ ಉಳಿಯಿತು. ಆ ಉಳಿದ ಗಳಿಗೆಯನ್ನು ಅವನು ಎಣಿಸಿದ. ಒಂದು, ಎರಡು, ಮೂರರ ಅರ್ಧ. ಇಪ್ಪತ್ತೆರಡು ವರ್ಷ ಈ ಬೀದಿಗೇ ಕಾಲಿಟ್ಟಿರಲಿಲ್ಲ, ಸುತ್ತು ಹಾಕಿಕೊಂಡು ಹಿಂದಿನ ರಸ್ತೆಯಲ್ಲಿ ಹೋಗುತ್ತಿದ್ದ, ಆ ರಸ್ತೆಯಲ್ಲಿ ನಾಯಿ ಕಾಟ ಇದ್ದರೂ. ಬರುವುದಿಲ್ಲ ಎನ್ನಬಹುದಾಗಿತ್ತು. ಅಂದರೆ ಇನ್ನೊಬ್ಬ ಬಡಗಿ ಬರುತ್ತಾನೆ, ಸೀಲಿಂಗ್ ಬಿಚ್ಚುತ್ತಾನೆ, ಕತ್ತೆತ್ತಿ ನೋಡುತ್ತಾನೆ. ಅದಕ್ಕಿಂತ ತಾನೇ ನೋಡುವುದು ವಾಸಿ ಎಂದು ಒಪ್ಪಿಕೊಂಡಿದ್ದ. ಆದರೆ ಟೀಚರಮ್ಮ ಫೋನ್ ಮಾಡಿದ್ದಾಗ ಇವನು ಅಂಟು ಮೆತ್ತಿದ ಕೈಯಿಂದ ಸ್ಪೀಕರಿಗೆ ಹಾಕಿ ಮಾತಾಡಿದ್ದ. ಪಕ್ಕದಲ್ಲೇ ಸ್ಟೂಲಿನ ಕಾಲು ಕೆತ್ತುತ್ತಿದ್ದ ಅಣ್ಣ ಉಳಿ ಕೆಳಗಿಟ್ಟು, 'ಆ ಮನೆಯಾ? ನಾನೂ ಬರ್ತೀನಿ. ಬಿಚ್ಚಿದ್ಮೇಲೆ ನೋಡ್ಬೇಕು ನಾನು' ಎಂದಿದ್ದ. 'ನಿಂಗೆ ಆವತ್ತು ಆಸ್ಪತ್ರೆ ಇದೆಯಲ್ಲಾ.' 'ಆಸ್ಪತ್ರೆಗೆ ಕೈ ತೋರಿಸಿ ಬರ್ತೀನಿ. ಮೂರು ಗಂಟೆಗೆ ಅಲ್ಲಿರ್ತೀನಿ.' ಅಷ್ಟು ಹೇಳಿ ಅಣ್ಣ ಮತ್ತೆ ಉಳಿ ಎತ್ತಿಕೊಂಡ. ಅವನ ಕೈ ನಡುಗುತ್ತಿತ್ತು. ಅದು ಕಾಯಿಲೆಯ ನಡುಕವೋ, ಆ ಮನೆಯ ಹೆಸರು ಕೇಳಿದ ನಡುಕವೋ ಎಂದು ಒಕ್ಕಣ್ಣನಿಗೆ ತಿಳಿಯಲಿಲ್ಲ. ಹಾಗಾಗಿ ಮೂರು ಗಂಟೆ ಅನ್ನುವುದು ಆ ದಿನ ಪೂರ್ತಿ ಅವನ ಹೆಗಲ ಮೇಲೆ ಕೂತಿತ್ತು.

ಮೇಲಿನ ಕೋಣೆಯಲ್ಲಿ ಟೀಚರಮ್ಮನ ತಾಯಿ, ಆ ಮನೆಯ ಅಜ್ಜಿ, ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಕೂತಿದ್ದಳು. ಮೊಣಕಾಲಿಗೆ ಪಟ್ಟಿ. ಒಕ್ಕಣ್ಣ ಕೋಣೆಯ ನಡುವಿಗೆ ಹೋಗಿ ಹಿಮ್ಮಡಿ ಎತ್ತಿ ಒಮ್ಮೆ ಊರಿದ. ಹಲಗೆ ತಗ್ಗಿತು, ಎದ್ದಿತು, ಅದರ ಕುಲುಕು ಅವನ ಮೊಣಕಾಲಿನವರೆಗೆ ಬಂತು.

'ನಡುಮಧ್ಯ ಹೋಗ್ಬೇಡಪ್ಪಾ, ಅಲ್ಲಿ ಅಲೆ ಜಾಸ್ತಿ,' ಅಂದಳು ಅಜ್ಜಿ. 'ನಾನು ಗೋಡೆ ಹಿಡ್ಕೊಂಡೇ ಓಡಾಡೋದು, ಹೊಸ ಸೊಸೆ ಥರ.'

'ಬಿದ್ರಂತೆ ಅಜ್ಜಿ?'

'ಬಿದ್ದೆ. ಬೀಳ್ದೆ ಇನ್ನೇನು? ನಾನು ಕಾಲು ಕೆಳಗಿಟ್ಟೆ, ನೆಲ ಇನ್ನೂ ಕೆಳಗೆ ಹೋಯ್ತು. ಇದು ನಿಮ್ಮಣ್ಣ ಹಾಕಿದ್ದಲ್ವಾ? ಉಯ್ಯಾಲೆ ಮೇಸ್ತ್ರಿ! ಆ ಹೆಸರು ನಾನೇ ಇಟ್ಟಿದ್ದು, ಗೊತ್ತಾ? ಹೆಂಗೆ ಅಂಟ್ಕೊಂಡ್ತು ನೋಡು.'

ಒಕ್ಕಣ್ಣ ಹಲ್ಲುಬಿಟ್ಟ. ನಕ್ಕದ್ದು ತಾನೇ ಎಂದು ಆಮೇಲೆ ತಿಳಿಯಿತು. ಇಪ್ಪತ್ತೆರಡು ವರ್ಷದಿಂದಲೂ ಹೀಗೆಯೇ ಆಗುತ್ತಿತ್ತು. ಮರದಂಗಡಿಯಲ್ಲಿ, ಟೀ ಅಂಗಡಿಯಲ್ಲಿ ಯಾರೋ ಉಯ್ಯಾಲೆ ಮೇಸ್ತ್ರಿ ಎನ್ನುವುದು, ಎಲ್ಲರೂ ಇವನ ಮುಖ ನೋಡುವುದು, ಇವನ ಹಲ್ಲು ತಾನಾಗಿ ಹೊರಗೆ ಬರುವುದು, ನಗದಿದ್ದರೆ ಯಾಕೆ ನಗಲಿಲ್ಲ ಎಂದು ಯಾರಾದರೂ ಕೇಳಿಬಿಟ್ಟಾರು ಎನ್ನುವ ದಿಗಿಲು. ಅಣ್ಣ ಎದುರಿಗಿದ್ದಾಗಲೂ ಒಮ್ಮೆ ನಕ್ಕಿದ್ದ. ಅಣ್ಣ ಆಗ ಕೆಳಗೆ ನೋಡುತ್ತ ತನ್ನ ಚಪ್ಪಲಿಯ ಬಾರನ್ನು ಸರಿಮಾಡಿಕೊಂಡಿದ್ದ. ಆ ಬಾರು ಸರಿಯಾಗಿಯೇ ಇತ್ತು. ಈ ನೆಲ ಮುಗಿದ ಎರಡು ತಿಂಗಳಿಗೇ ತೊನೆಯತೊಡಗಿ, ಹೆಸರು ಬೀದಿಯಿಂದ ಬೀದಿಗೆ ಹಬ್ಬಿ, ಒಪ್ಪಿಕೊಂಡಿದ್ದ ಎರಡು ಮನೆಯವರು ಬೇಡ ಅಂದಮೇಲೆ ಅಣ್ಣ ನೆಲದ ಕೆಲಸವನ್ನೇ ಬಿಟ್ಟುಬಿಟ್ಟ. ತೊಲೆ ಕೂರಿಸಿದರೆ ಕೂದಲೆಳೆಯೂ ಸಂದಿಗೆ ಹೋಗದ ಹಾಗೆ ಕೂರಿಸುತ್ತಿದ್ದವನು ಸ್ಟೂಲು ಮಾಡುತ್ತ ಕೂತ. 'ಸ್ಟೂಲು ಕುಣಿದ್ರೆ ಕಾಲಿಗೊಂದು ಕಾಗದ ಮಡಚಿಟ್ರಾಯ್ತು, ಯಾರೂ ಬೀಳಲ್ಲ' ಎಂದು ಅತ್ತಿಗೆಗೆ ಹೇಳಿದ್ದನಂತೆ. ಅತ್ತಿಗೆ ಅದನ್ನು ಇವನಿಗೆ ಹೇಳುತ್ತ ಅನ್ನ ಬಡಿಸಿದ್ದಳು. ಇವನು ಉಂಡಿದ್ದ.

ನೀವು ಈ ಕಸುಬಿನವರಲ್ಲದಿದ್ದರೆ ಒಂದು ಮಾತು ಹೇಳುತ್ತೇನೆ, ಕೇಳಿ. ನೆಲದ ಹಲಗೆಯನ್ನು ಹೊರುವ ಅಡ್ಡಮರಗಳಿಗೆ ಜಂತೆ ಅನ್ನುತ್ತೇವೆ. ಯಾವ ಮರವೂ ಪೂರ್ತಿ ನೆಟ್ಟಗಿರುವುದಿಲ್ಲ, ಮನುಷ್ಯರ ಹಾಗೆಯೇ. ಒಂದು ಕಡೆ ಚೂರು ಬೆನ್ನು ಉಬ್ಬಿರುತ್ತದೆ. ಆ ಬೆನ್ನು ಮೇಲಕ್ಕೆ ಬರುವ ಹಾಗೆ ಇಟ್ಟರೆ ಭಾರ ಬಿದ್ದಾಗ ಇಳಿದು ಸಮ ಆಗುತ್ತದೆ. ಕೆಳಕ್ಕೆ ಇಟ್ಟರೆ ಇನ್ನೂ ಕೆಳಕ್ಕೇ ಹೋಗುತ್ತದೆ. ಒಂದು ಮೇಲೆ ಒಂದು ಕೆಳಗೆ ಇಟ್ಟರಂತೂ ಮೇಲಿನ ಹಲಗೆ ಯಾವುದನ್ನು ನಂಬಬೇಕೋ ತಿಳಿಯದೆ ಕುಣಿಯುತ್ತದೆ. ಅದಕ್ಕೇ ಒಬ್ಬ ಒಂದೊಂದು ಮರವನ್ನೂ ಕಣ್ಣಿಟ್ಟು ನೋಡಿ, ಬೆನ್ನಿನ ಕಡೆಗೆ ಪೆನ್ಸಿಲಿನಲ್ಲಿ ಬಾಣ ಹಾಕುತ್ತಾನೆ. ಇನ್ನೊಬ್ಬ ಬಾಣ ಮೇಲಾಗಿ ಎತ್ತಿ ಇಡುತ್ತಾನೆ. ಈ ಅಣ್ಣತಮ್ಮಂದಿರ ಮನೆಯಲ್ಲಿ ಅಪ್ಪನ ಕಾಲದಿಂದ ಒಂದು ಕಟ್ಟಳೆ. ಬಾಣ ಹಾಕಿದ ಮರವನ್ನು ಇಡುವವನು ಮತ್ತೆ ಕಣ್ಣಿಟ್ಟು ನೋಡಬಾರದು. ನೋಡಿದರೆ ಹಾಕಿದವನ ಮುಖಕ್ಕೆ ಉಗುಳಿದ ಹಾಗೆ.

ಆ ಮನೆಗೆ ಬಾಣ ಹಾಕಿದವನು ಒಕ್ಕಣ್ಣ. ಆಗಿನ್ನೂ ಅವನಿಗೆ ಆ ಹೆಸರಿರಲಿಲ್ಲ, ಇಪ್ಪತ್ತನಾಲ್ಕು ವರ್ಷ. ಕೆಳಗಿನ ಕೋಣೆಯಲ್ಲಿ ನಾನು ಸೀಲಿಂಗಿನ ಮೊದಲ ಹಾಳೆಯನ್ನು ಕಿತ್ತು ಕೆಳಗಿಳಿಸುವಾಗ, ಧೂಳು ಮೂಗಿಗೆ ಹೋಗಿ ಅವನು ಸೀನುವಾಗ, ಅವನಿಗೆ ವಾಸನೆ ಬಂದದ್ದು ಧೂಳಿನದ್ದಲ್ಲ, ಇಪ್ಪತ್ತೆರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಇದೇ ಅಂಗಳದಲ್ಲಿ ಕೊಯ್ದ ಹಸಿ ಮರದ್ದು. ಆವತ್ತು ಅವನು ತೊಲೆಗೆ ತೂತು ಕೊರೆಯುತ್ತ ಒಂದು ಚಕ್ಕೆ ಹೆಚ್ಚು ಎಬ್ಬಿಸಿದ್ದ. ಅಣ್ಣ ಬಂದು ಮಾತಿಲ್ಲದೆ ಅವನ ಕೈಯಿಂದ ಉಳಿಯನ್ನು ತೆಗೆದುಕೊಂಡ. ತೆಗೆದುಕೊಂಡ ರೀತಿ, ಮಗುವಿನ ಕೈಯಿಂದ ಕತ್ತರಿ ತೆಗೆದುಕೊಳ್ಳುವ ಹಾಗೆ, ಮೊದಲು ಬೆರಳು ಬಿಡಿಸಿ, ಆಮೇಲೆ. 'ನೀನು ಹೋಗಿ ಬಾಣ ಹಾಕು. ಅದಕ್ಕೆ ಕೈ ಬೇಡ, ಕಣ್ಣಿದ್ರೆ ಸಾಕು.' ಮನೆಯವರೆಲ್ಲ ಜಗಲಿಯ ಮೇಲೆ ನಿಂತಿದ್ದರು. ನಗು ಕೇಳಿಸಿತು. ಈ ಮನೆಯ ಮಗಳು, ಈಗಿನ ಟೀಚರಮ್ಮ, ಬಾಯಿಗೆ ಸೆರಗು ಹಿಡಿದು ನಕ್ಕಳು. ಅವನು ಹಿತ್ತಿಲಿಗೆ ಹೋಗಿ, ಸಾಲಾಗಿ ಒರಗಿಸಿದ್ದ ಹನ್ನೊಂದು ಜಂತೆಗಳ ಮುಂದೆ ನಿಂತು, ಕಣ್ಣಿದ್ರೆ ಸಾಕು, ಕಣ್ಣಿದ್ರೆ ಸಾಕು ಎಂದುಕೊಳ್ಳುತ್ತ, ಒಂದನ್ನೂ ಎತ್ತದೆ, ಒಂದಕ್ಕೂ ಬಗ್ಗದೆ, ಟಪಟಪನೆ ಹನ್ನೊಂದಕ್ಕೂ ಬಾಣ ಎಳೆದುಬಿಟ್ಟ. ಒಂದೊಂದು ಬಾಣಕ್ಕೂ ಬಾಲದಲ್ಲಿ ತನ್ನ ಗುರುತಿನ ಅಡ್ಡಗೆರೆ ಎಳೆಯುವುದನ್ನು ಮಾತ್ರ ಮರೆಯಲಿಲ್ಲ. ತಪ್ಪಾಗಲಿ ಎಂದು ಹಾಕಿದನೇ? ಅದನ್ನೇ ಅವನು ನನ್ನನ್ನು ಹನ್ನೊಂದು ದಿನ ಕೇಳಿದ. ನಾನು ಏನು ಹೇಳಲಿ? ತಪ್ಪಾಗಲಿ ಎಂದಲ್ಲ, ಸರಿಯಾಗಲಿ ಎಂದೂ ಅಲ್ಲ. ಸಿಟ್ಟಿನಲ್ಲಿ ಮನುಷ್ಯ ಬಾಗಿಲು ಬಡಿದು ಹೋಗುತ್ತಾನಲ್ಲ, ಬಾಗಿಲ ಸಂದಿಯಲ್ಲಿ ಯಾರ ಬೆರಳಿದೆ ಎಂದು ನೋಡುತ್ತಾನೆಯೇ?

ಹನ್ನೊಂದೂವರೆಗೆ ಸೀಲಿಂಗ್ ಪೂರ್ತಿ ಕೆಳಗಿತ್ತು. ಜಂತೆಗಳು ಕಂಡವು. ಇಪ್ಪತ್ತೆರಡು ವರ್ಷದ ಹೊಗೆಗೆ, ಧೂಳಿಗೆ ಕಪ್ಪಾಗಿದ್ದವು, ಮಗ್ಗುಲಿಗೆ ಜೇಡನ ಹಳೇ ಬಲೆ. ಒಕ್ಕಣ್ಣ ಏಣಿ ಹತ್ತಿ ಟಾರ್ಚ್ ಬಿಟ್ಟ. ಪೆನ್ಸಿಲ್ ಮಾಸಿಹೋಗಿರುತ್ತದೆ ಎಂದು ರಾತ್ರಿಯೆಲ್ಲ ತನಗೆ ತಾನೇ ಹೇಳಿಕೊಂಡು ಬಂದಿದ್ದನಂತೆ. ಪೆನ್ಸಿಲ್ ಮಾಸುವುದಿಲ್ಲ, ನೆನಪಿಡಿ. ಬಿಸಿಲು ಕಾಣದ ಮರದ ಮೇಲೆ ಅದು ನಿನ್ನೆ ಎಳೆದ ಹಾಗಿರುತ್ತದೆ. ಬಾಣ, ಬಾಲದಲ್ಲಿ ಅಡ್ಡಗೆರೆ. ಅವನು ಒಂದು ಕಣ್ಣು ಮುಚ್ಚಿ ಜಂತೆಯ ಕೆಳಬದಿಯನ್ನು ನೋಡಿದ. ಬಾಣ ಮೇಲಕ್ಕಿತ್ತು, ಬೆನ್ನು ಕೆಳಕ್ಕಿತ್ತು. ಎರಡನೆಯದು ಸರಿ. ಮೂರು, ನಾಲ್ಕು, ಐದು ತಪ್ಪು. ಹನ್ನೊಂದರಲ್ಲಿ ಆರು ತಲೆಕೆಳಗು. ಒಂದೂ ಬಾಣ ಕೆಳಗಾಗಿರಲಿಲ್ಲ. ಅಣ್ಣ ಅಷ್ಟನ್ನೂ ಬಾಣ ಹೇಳಿದ ಹಾಗೆಯೇ ಇಟ್ಟಿದ್ದ, ಒಂದನ್ನೂ ಕಣ್ಣಿಟ್ಟು ನೋಡದೆ, ಕಟ್ಟಳೆ ಮುರಿಯದೆ. ಏಣಿಯ ಮೇಲೆ ಅವನಿಗೆ ನೆನಪಾದದ್ದು ಅಣ್ಣನ ಮನೆಯ ಕ್ಯಾಲೆಂಡರ್. ಕ್ಯಾಲೆಂಡರಿನ ಹಿಂಬದಿಯಲ್ಲಿ ಅಣ್ಣ ತನ್ನ ತಪ್ಪು ಎಲ್ಲಿರಬಹುದು ಎಂದು ಪಟ್ಟಿ ಮಾಡಿದ್ದ. ಮರ ಹಸಿ ಇತ್ತೇ? ದಪ್ಪ ಸಾಲಲಿಲ್ಲವೇ? ಜಂತೆಯಿಂದ ಜಂತೆಗೆ ಅಂತರ ಹೆಚ್ಚಾಯಿತೇ? ಗೋಡೆಯೊಳಗೆ ತುದಿ ಕಮ್ಮಿ ಕೂತಿತೇ? ಹೊಸ ವರ್ಷಕ್ಕೆ ಹೊಸ ಕ್ಯಾಲೆಂಡರ್ ಬಂದಾಗ ಆ ಪಟ್ಟಿಯನ್ನು ಅದರ ಹಿಂದಕ್ಕೆ ನಕಲು ಮಾಡಿಕೊಳ್ಳುತ್ತಿದ್ದ. 'ಬಾಣ' ಎಂದೂ ಒಂದು ಸಾಲು ಇತ್ತು, ಮೊದಲ ವರ್ಷ. ಇವನು ನೋಡುತ್ತಿದ್ದ ಹಾಗೆಯೇ ಅಣ್ಣ ಅದರ ಮೇಲೆ ಗೀಟು ಎಳೆದಿದ್ದ. 'ಅದು ನೀನು ಹಾಕಿದ್ದು. ಅದ್ರಲ್ಲಿ ತಪ್ಪಿರಲ್ಲ.' ಆಗ ಹೇಳಬಹುದಾಗಿತ್ತು. ಬಾಯಿ ತೆರೆದಿದ್ದ ಕೂಡ. ಅತ್ತಿಗೆ ನೀರು ತಂದಳು, ಕುಡಿದ.

'ಲೋ, ಹೋಗಿ ಟೀ ಕುಡ್ಕೊಂಡ್ ಬಾರೋ,' ಅಂದ ನನಗೆ. ನನಗಿಂತ ಹದಿನೈದು ವರ್ಷ ಚಿಕ್ಕವನು, ನನಗೆ ಲೋ ಅಂದ. ಆಗಲೇ ಇವನಿಗೇನೋ ಆಗಿದೆ ಅಂದುಕೊಂಡೆ.

ನಾನು ಹೊರಗೆ ಹೋದ ಮೇಲೆ ಟೀಚರಮ್ಮ ನೀರಿನ ಚೊಂಬು ಹಿಡಿದು ಬಂದಳು. ಏಣಿಯಿಂದ ಇಳಿದು ಚೊಂಬು ತೆಗೆದುಕೊಳ್ಳುವಾಗ ಅವನು ಕೇಳಿಯೇಬಿಟ್ಟ, ಕೇಳಬಾರದು ಎಂದುಕೊಂಡೇ ಕೇಳಿದ.

'ಈ ನೆಲ ಹಾಕ್ದಾಗ ನೀವು ಜಗಲಿ ಮೇಲೆ ನಿಂತಿದ್ರಿ ಅಲ್ವಾ ಟೀಚರಮ್ಮ? ನನ್ನ ಕೈಯಿಂದ ಅಣ್ಣ ಉಳಿ ಕಿತ್ಕೊಂಡಾಗ ನಕ್ರಿ ನೀವು.'

ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು ಅವನನ್ನು ನೋಡಿದಳು. 'ನಾನಾ? ನಾನಾಗ ಟ್ರೈನಿಂಗಿನಲ್ಲಿದ್ನಲ್ಲಾ, ಹಾಸ್ಟೆಲಿನಲ್ಲಿ. ಬರೋ ಹೊತ್ತಿಗೆ ನೆಲ ಮುಗಿದು, ಮಂಚಾನೂ ಹಾಕಿದ್ರು. ಯಾರು ನಕ್ಕಿದ್ದು?'

'ಏನಿಲ್ಲ ಬಿಡಿ. ಬೇರೆ ಮನೆ ಇರ್ಬೇಕು.'

ಅವಳು ಹೋದಳು. ಚೊಂಬು ಅವನ ಕೈಯಲ್ಲೇ ಇತ್ತು. ಬಾಯಿಗೆ ಸೆರಗು ಹಿಡಿದ ಕೈ ಅವನಿಗೆ ಈಗಲೂ ಕಾಣುತ್ತಿತ್ತು, ಆ ಕೈಗೆ ಇದ್ದ ಎರಡು ಬಳೆಯೂ. ಹಾಗಾದರೆ ಆ ಕೈ ಯಾರದ್ದು? ಅಜ್ಜಿಯದ್ದೇ? ಪಕ್ಕದ ಮನೆಯವಳದ್ದೇ? ಅಥವಾ ಜಗಲಿಯ ಮೇಲೆ ಯಾರೂ ನಕ್ಕಿರಲೇ ಇಲ್ಲವೇ, ಬೇರೆ ಯಾವುದೋ ಮಾತಿಗೆ ಯಾರೋ ಕೆಮ್ಮಿದ್ದನ್ನು ತಾನು ನಗು ಎಂದು ಹೊತ್ತುಕೊಂಡು ಹೋದದ್ದೇ? ಒಬ್ಬರ ನಗುವಿಗೆ ಸೇಡು ಎಂದಾದರೂ ಇಷ್ಟು ದಿನ ಇತ್ತು. ಈಗ ಆ ನಗುವೂ ಕೈಬಿಟ್ಟಿತು. ಉಳಿದದ್ದು ಹನ್ನೊಂದು ಬಾಣ, ಅವುಗಳ ಬಾಲಕ್ಕೆ ತನ್ನ ಗೆರೆ. ಗಡಿಯಾರ ನೋಡಿದ, ಹನ್ನೆರಡು ದಾಟಿತ್ತು. ನೀರನ್ನು ಕುಡಿಯದೆ ಕಿಟಕಿಯಲ್ಲಿಟ್ಟು, ಚೀಲದಿಂದ ಉಪ್ಪುಕಾಗದ ತೆಗೆದುಕೊಂಡು ಏಣಿ ಹತ್ತಿದ.

ನಾನು ಕನ್ನಡಕ ಮರೆತಿದ್ದೆ. ತೆಗೆದುಕೊಳ್ಳಲು ಬಂದವನು ಬಾಗಿಲಲ್ಲೇ ನಿಂತೆ. ಅವನು ಏಣಿಯ ಮೇಲೆ, ಕುತ್ತಿಗೆ ಹಿಂದಕ್ಕೆ ಮುರಿದು, ಜಂತೆಯ ಮಗ್ಗುಲನ್ನು ತಿಕ್ಕುತ್ತಿದ್ದ, ಮಕ್ಕಳು ಪಾಟಿ ಒರೆಸುವ ಹಾಗೆ ಅವಸರದಲ್ಲಿ. ಪುಡಿ ಅವನ ರೆಪ್ಪೆಯ ಮೇಲೆಲ್ಲ ಉದುರುತ್ತಿತ್ತು. ಬಾಣ ಹೋಗುತ್ತಿತ್ತು, ಆದರೆ ಹೋದ ಜಾಗದಲ್ಲಿ ಅಂಗೈಯಗಲ ಬಿಳಿ ಏಳುತ್ತಿತ್ತು. ಮೂರು ಜಂತೆಗೆ ಮೂರು ಬಿಳಿ. ಅವನು ಬೆರಳಿಗೆ ಧೂಳು ಮೆತ್ತಿಕೊಂಡು ಆ ಬಿಳಿಯ ಮೇಲೆ ಒತ್ತಿ ಒತ್ತಿ ಕಪ್ಪು ಮಾಡಲು ನೋಡಿದ. ಆಗಲೇ ಅವನಿಗೆ ಹೊಳೆದದ್ದಂತೆ. ಬಾಣ ಅಳಿಸಿದರೂ ಮರದ ಬೆನ್ನು ಅಳಿಸುವುದಿಲ್ಲ. ಅಣ್ಣ ಬಂದು ನೂಲು ಹಿಡಿದರೆ ಆರು ಜಂತೆ ತಲೆಕೆಳಗು ಎನ್ನುವುದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ಬಾಣ ಇದ್ದರೆ, ಹಾಕಿದವನ ತಪ್ಪು. ಬಾಣ ಇಲ್ಲದಿದ್ದರೆ, ಇಟ್ಟವನ ತಪ್ಪು. ತಾನು ತಿಕ್ಕಿ ಅಳಿಸುತ್ತಿರುವುದು ತನ್ನ ಗುರುತನ್ನಲ್ಲ, ಅಣ್ಣನಿಗೆ ಉಳಿದಿದ್ದ ಒಂದೇ ಸಾಕ್ಷಿಯನ್ನು. ಕೈ ನಿಂತಿತು. ಇಳಿಯಲೂ ಆಗಲಿಲ್ಲ, ತಿಕ್ಕಲೂ ಆಗಲಿಲ್ಲ.

'ಏನ್ ಕೆರೀತಿದ್ಯೋ ಅಲ್ಲಿ?'

ಅಣ್ಣ. ಒಂದು ಗಂಟೆಗೇ ಬಂದಿದ್ದ. ಕಂಕುಳಲ್ಲಿ ಆಸ್ಪತ್ರೆಯ ಫೈಲು. 'ಡಾಕ್ಟ್ರು ರಜಾ ಅಂತೆ. ನಡುಗೋ ಕೈಗೆ ನಾಳೆ ಬಾ ಅಂತಾರೆ, ನಾಳೆ ಏನು ನಿಂತಿರುತ್ತಾ ಇದು?' ನನ್ನ ಕಡೆ ತಿರುಗಿ, 'ಏನ್ರೀ ಗಾರೆಯಪ್ಪಾ, ಬದುಕಿದ್ದೀರಾ ಇನ್ನೂ?' ಅಂದ.

'ನಿಮ್ಮನ್ನ ಕಳಿಸಿ ಹೋಗೋಣ ಅಂತ ಕಾಯ್ತಿದ್ದೀನಿ,' ಅಂದೆ. ನಕ್ಕ. ನಗು ಮೇಲಿನ ಜಂತೆಗಳನ್ನು ಮುಟ್ಟಿದ ಕೂಡಲೇ ನಿಂತುಹೋಯಿತು.

ಫೈಲನ್ನು ನೆಲಕ್ಕಿಟ್ಟ. ಜೇಬಿನಿಂದ ನೂಲಿನ ಉಂಡೆ ತೆಗೆದ. ಆಸ್ಪತ್ರೆಗೆ ಹೋಗುವಾಗಲೂ ಅದನ್ನು ಇಟ್ಟುಕೊಂಡು ಹೋಗಿದ್ದ ಅಂದರೆ ನೋಡಿ. 'ನೀವು ಆ ತುದಿ ಹಿಡೀರಿ,' ಅಂದ ನನಗೆ. ಇನ್ನೊಂದು ತುದಿಯನ್ನು ತಾನೇ ಹಿಡಿದು ಮೇಜಿನ ಮೇಲೆ ಹತ್ತಿದ. ನಾನು ಬೇಡ ಅಂದೆ, ಕೇಳಲಿಲ್ಲ. ಕೈ ನಡುಗಿ ನೂಲು ನಡುಗುತ್ತಿತ್ತು. ಮೊಣಕೈಯನ್ನು ಗೋಡೆಗೆ ಊರಿದ, ನಿಂತಿತು. ಮೂರನೆಯ ಜಂತೆಯ ಕೆಳಗೆ ನೂಲು ಎಳೆದಾಗ ನಡುವಿನಲ್ಲಿ ಮರ ನೂಲನ್ನು ಕೆಳಕ್ಕೆ ತಳ್ಳಿತು. ನಾಲ್ಕನೆಯದೂ ತಳ್ಳಿತು. ಐದನೆಯದೂ. ಅವನು ನೂಲನ್ನು ಮೆಲ್ಲಗೆ ಸುತ್ತಿಕೊಂಡು ಇಳಿದು, ನನ್ನ ಬಣ್ಣದ ಡಬ್ಬವನ್ನು ಬೋರಲು ಹಾಕಿ ಅದರ ಮೇಲೆ ಕೂತ.

'ತಲೆಕೆಳಗು ಇಟ್ಟಿದ್ದೀನಿ,' ಅಂದ. 'ಇಷ್ಟೇನಾ! ಎಂಥೆಂಥಾ ಲೆಕ್ಕ ಹಾಕಿದ್ನಲ್ಲೋ. ನಿಮ್ಮತ್ತಿಗೆ ಹೇಳ್ತಿದ್ಲು, ಮರಕ್ಕೇ ಕೇಳ್ಕೊಂಡ್ ಬನ್ನಿ ಅಂತ. ಸರಿ. ಗೊತ್ತಾಯ್ತಲ್ಲ.' ಅವನ ಮುಖದಲ್ಲಿ ನೋವಿರಲಿಲ್ಲ. ಬಹಳ ದೂರ ಹೊತ್ತು ತಂದ ಮೂಟೆಯನ್ನು ಇಳಿಸಿ, ಇದೇ ತಾನೇ ಜಾಗ ಎಂದು ಕೇಳುವವನ ಹಾಗಿದ್ದ. ನಾನು ಏಣಿಯ ಕಡೆ ನೋಡಿದೆ. ಒಕ್ಕಣ್ಣ ಅಲ್ಲೇ ನಿಂತಿದ್ದ, ಉಪ್ಪುಕಾಗದ ಕೈಯಲ್ಲೇ. ಅವನು ಸುಮ್ಮನಿದ್ದರೆ ಮುಗಿಯುತ್ತಿತ್ತು. ಅಣ್ಣನಿಗೆ ಉತ್ತರ ಸಿಕ್ಕಿತ್ತು, ತಮ್ಮನಿಗೆ ಬಿಡುಗಡೆ ಸಿಕ್ಕಿತ್ತು. ಇಬ್ಬರಿಗೂ ಅನುಕೂಲವಾದ ಸುಳ್ಳು, ಹೇಳುವ ಕಷ್ಟವೂ ಇಲ್ಲದ್ದು. ಅವನು ಉಪ್ಪುಕಾಗದವನ್ನು ಜೇಬಿಗೆ ತುರುಕಿದ.

'ಅಣ್ಣಾ, ಬಾಣ ನೋಡು,' ಅಂದ.

'ಏನು?'

'ಬಾಣ. ಎಲ್ಲಾ ಮೇಲಕ್ಕೇ ಇದೆ. ನೀನು ಸರಿಯಾಗೇ ಇಟ್ಟಿದ್ದೀಯ. ನಾನು ನೋಡ್ದೆ ಹಾಕಿದ್ದು. ಒಂದ್ ಮರಾನೂ ಎತ್ತಿ ನೋಡ್ಲಿಲ್ಲ. ಸಿಟ್ಟು ಬಂದಿತ್ತು. ಮೂರು ಅಳಿಸ್ದೆ ಈಗ. ಬಾಕಿದು ಇದೆ, ಹತ್ತಿ ನೋಡು.'

ಮೇಲೆ ಅಜ್ಜಿ ಗೋಡೆ ಹಿಡಿದು ಎತ್ತಲೋ ಹೋದಳು. ಲೋಟಗಳು ಕಿಣಿಕಿಣಿ ಅಂದವು. ಅಣ್ಣ ಹತ್ತಲಿಲ್ಲ, ಕತ್ತೆತ್ತಿ ನೋಡಲೂ ಇಲ್ಲ. ತನ್ನ ಎರಡು ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಅವು ನಡುಗುವುದನ್ನು ಬೇರೆ ಯಾರದೋ ಕೈಗಳನ್ನು ನೋಡುವ ಹಾಗೆ ನೋಡುತ್ತಿದ್ದ. ಹೊಡೆಯುತ್ತಾನೆ ಅಂದುಕೊಂಡೆ. ಒಕ್ಕಣ್ಣನಿಗೂ ಅದೇ ಆಸೆ ಇತ್ತಂತೆ, ಹೊಡೆದಿದ್ದರೆ ಬದುಕುತ್ತಿದ್ದೆ ಎಂದು ಆಮೇಲೆ ಹೇಳಿದ.

'ಇಟ್ಟೋನು ನಾನು,' ಅಂದ ಅಣ್ಣ ಕೊನೆಗೆ.

'ಬಾಣ ಹಾಕಿದ್ದು ನಾನಲ್ವಾ ಅಣ್ಣಾ...'

'ಕೈಗೆ ಮರ ಬಂದ್ರೆ ಗೊತ್ತಾಗ್ಬೇಕು. ಬೆನ್ನು ಯಾವ ಕಡೆ ಅಂತ ಕೈಗೇ ಗೊತ್ತಾಗ್ಬೇಕು, ಬಾಣ ಯಾಕೆ ಬೇಕು? ನಂಗೆ ಗೊತ್ತಾಗ್ಲಿಲ್ಲ.'

'ನೀನು ನನ್ನ ನಂಬಿ ಇಟ್ಟೆ.'

'ಸುಮ್ನಿರೋ!' ಎಷ್ಟು ಜೋರಾಗಿ ಅಂದನೆಂದರೆ, ನಾನು ಒಂದು ಹೆಜ್ಜೆ ಹಿಂದಕ್ಕೆ ಸರಿದೆ. 'ಇಪ್ಪತ್ತೆರಡು ವರ್ಷ ಈ ತಪ್ಪಿನ ಜೊತೆ ಸಂಸಾರ ಮಾಡಿದ್ದೀನಿ ನಾನು. ಇದನ್ನ ಕಟ್ಕೊಂಡು ಸ್ಟೂಲು ಮಾಡಿದ್ದೀನಿ. ಈಗ ಬಂದು ಅದು ನಂದು ಅಂತೀಯಾ? ಕೆಲಸ ನಿಂಗೆ ಬಂತು. ಹೆಸರು ನಿಂಗೆ ಬಂತು. ತಪ್ಪೂ ನಿಂಗೇ ಬೇಕಾ? ನಂಗೇನು ಉಳೀತು ಹಾಗಾದ್ರೆ? ಯಾತಕ್ಕೆ ಬಿಟ್ಟೆ ನಾನು ಕೆಲಸಾನಾ? ಸುಮ್ ಸುಮ್ನೆ ಬಿಟ್ನಾ?'

ಒಕ್ಕಣ್ಣ ಏಣಿಯ ಮೇಲೆಯೇ ಕೂತುಬಿಟ್ಟ.

ಅಣ್ಣ ಎದ್ದ. ಫೈಲು ಎತ್ತಿಕೊಂಡು ಅದರ ಧೂಳು ಕೊಡವಿದ. ದನಿ ಇಳಿದಿತ್ತು, ಕೆಲಸ ಒಪ್ಪಿಸುವ ಮೇಸ್ತ್ರಿಯ ದನಿ, ಇಪ್ಪತ್ತೆರಡು ವರ್ಷದ ಮೇಲೆ ಮೊದಲ ಸಲ. 'ಮೂರು ಅಳಿಸಿದ್ದೀಯಲ್ಲ, ಬಾಕಿ ಎಂಟೂ ಅಳಿಸು. ನಾನು ನೋಡ್ತಿರ್ತೀನಿ. ಅರೆಬರೆ ಬಿಡ್ಬೇಡ. ಆಮೇಲೆ ಒಂದೊಂದರ ಮಗ್ಗುಲಿಗೂ ಹೊಸ ಜಂತೆ ಜೋಡ್ಸಿ ಬೋಲ್ಟ್ ಹಾಕು, ನಡುವೆ ಎರಡು ಸಾಲು ಅಡ್ಡತುಂಡು ಕೊಡು, ಕುಣಿಯೋದು ನಿಲ್ಲುತ್ತೆ. ಇದನ್ನ ಯಾರಿಗೂ ಹೇಳ್ಬೇಡ. ನಿಮ್ಮತ್ತಿಗೆಗೂ ಬೇಡ. ನನ್ನಾಣೆ.'

ಅಳಿಸಿದ. ಕದ್ದು ಮಾಡುತ್ತಿದ್ದ ಕೆಲಸವನ್ನು ಅಪ್ಪಣೆಯ ಮೇಲೆ ಮಾಡುವುದು ಎಷ್ಟು ಕಷ್ಟ ಅನ್ನುವುದನ್ನು ಆವತ್ತು ನೋಡಿದೆ. ಒಂದೊಂದು ಬಾಣ ಹೋಗುವಾಗಲೂ ಅವನು ತಿರುಗಿ ಅಣ್ಣನ ಮುಖ ನೋಡುತ್ತಿದ್ದ, ಸಾಕು ಅನ್ನುತ್ತಾನೇನೋ ಎಂದು. ಅಣ್ಣ, 'ಬಾಲ ಉಳೀತು ನೋಡು, ಅದನ್ನೂ ತಿಕ್ಕು' ಎಂದ. ಎಂಟೂ ಮುಗಿಯುವವರೆಗೆ ಡಬ್ಬದ ಮೇಲಿಂದ ಎದ್ದು ಹೋಗಲಿಲ್ಲ.

ಹನ್ನೊಂದು ದಿನ ಜಾಕಿ ತಿರುಗಿತು. ಜೋಡಿ ಜಂತೆ ಬಿತ್ತು, ಅಡ್ಡತುಂಡು ಬಿತ್ತು, ನೆಲ ಎದ್ದು ನಿಂತಿತು. ಕೊನೆಯ ದಿನ ಅಜ್ಜಿ ಗೋಡೆ ಬಿಟ್ಟು ಕೋಣೆಯ ನಟ್ಟನಡುವೆ ನಡೆದಳು, ನಿಂತಳು, ಮಗುವಿನ ಹಾಗೆ ಒಮ್ಮೆ ಕುಪ್ಪಳಿಸಿಯೂ ನೋಡಿದಳು. ಟೀಚರಮ್ಮ ಓಡಿ ಬಂದು ಹಿಡಿದುಕೊಂಡಳು. ಕೆಳಗಿಳಿದು ಬಂದ ಅಜ್ಜಿ, 'ನಿಮ್ಮಣ್ಣ ಕೆಡಿಸಿದ್ದನ್ನ ನೀನು ಸರಿಮಾಡ್ದೆ ಕಣಪ್ಪಾ. ಒಂದೇ ಹೊಟ್ಟೇಲಿ ಹುಟ್ಟಿದೋರು, ಒಬ್ಬ ಉಯ್ಯಾಲೆ, ಒಬ್ಬ ಬಂಡೆ' ಎಂದಳು. ಒಕ್ಕಣ್ಣನ ಬಾಯಿ ತೆರೆಯಿತು. ಹಲ್ಲು ಬರಲಿಲ್ಲ ಈ ಸಲ, ಮಾತೂ ಬರಲಿಲ್ಲ. ಆಣೆ ಅಡ್ಡ ನಿಂತಿತ್ತು. ಅವನು ನನ್ನ ಕಡೆ ನೋಡಿದ. ನಾನು ಏಣಿಯ ಮೇಲೆ ಸೀಲಿಂಗಿನ ಕೊನೆಯ ಹಾಳೆ ಕೂರಿಸುತ್ತಿದ್ದೆ, ಬಾಯಿ ತುಂಬ ಸ್ಕ್ರೂ ಇತ್ತು. ಉಗುಳಿ ಮಾತಾಡಬಹುದಾಗಿತ್ತು. ಮಾತಾಡಲಿಲ್ಲ. ಒಂದೊಂದೇ ಸ್ಕ್ರೂ ತೆಗೆದು ತಿರುಗಿಸಿದೆ, ಜಂತೆಗಳು ಒಳಗೆ ಹೋದವು.

ಆರು ವರ್ಷ ಆಯಿತು. ಅಜ್ಜಿ ಗಟ್ಟಿಯಾಗಿದ್ದಾಳೆ. ಅಣ್ಣ ಈಗ ಸ್ಟೂಲನ್ನೂ ಮಾಡಲಾರ, ಲೋಟ ಎತ್ತಲೂ ಇನ್ನೊಬ್ಬರು ಬೇಕು. ಒಕ್ಕಣ್ಣನೇ ಬೆಳಿಗ್ಗೆ ಸಂಜೆ ಹೋಗಿ ಕುಡಿಸಿ ಬರುತ್ತಾನೆ, ಇಬ್ಬರೂ ಆ ಮಾತೊಂದನ್ನು ಬಿಟ್ಟು ಎಲ್ಲ ಮಾತಾಡುತ್ತಾರೆ. ಮೊನ್ನೆ ಇದೇ ಗ್ರೂಪಿನಲ್ಲಿ ಯಾವನೋ ಹೊಸ ಬಡಗಿಯ ಕೆಲಸಕ್ಕೆ 'ಇವನೊಬ್ಬ ಉಯ್ಯಾಲೆ ಮೇಸ್ತ್ರಿ' ಎಂದು ಬರೆದು ಹತ್ತು ಜನ ನಕ್ಕಿರಿ. ತಮ್ಮನಿಗೆ ಆಣೆ ಇದೆ, ಅವನು ಹೇಳಲಾರ. ನನಗೆ ಯಾರೂ ಆಣೆ ಹಾಕಿಲ್ಲ, ಹಾಕುವುದನ್ನು ಅಣ್ಣ ಮರೆತ. ಅದಕ್ಕೇ ಹೇಳಿದೆ. ಈಗ ಕೇಳಿಸಿಕೊಂಡಿರಲ್ಲ, ಇದನ್ನು ಮರದಂಗಡಿಯವನಿಗೆ ಕಳಿಸಿ, ಟೀ ಅಂಗಡಿಯಲ್ಲಿ ಜೋರಾಗಿ ಹಾಕಿ ಕೇಳಿಸಿ, ಕೂದಲು ಬೆಳ್ಳಗಾದ ಬಡಗಿ ಒಬ್ಬನಾದರೂ ಬದುಕಿದ್ದರೆ ಅವನಿಗೂ ಕಳಿಸಿ. ಅಣ್ಣನಿಗೆ ಮಾತ್ರ ಕಳಿಸಬೇಡಿ.